ಇಪ್ಪತ್ತೆರಡು ಅಕ್ಷರಗಳ ರಹಸ್ಯವಿದ್ಯೆ

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲು ನಂಜನಗೂಡನ್ನು ಹಿಂದಿಕ್ಕಿ ಸಾಗಿದರೆ ದಾರಿಯಲ್ಲಿ ಕವಲಂದೆ ಎಂಬ ನಿಲ್ದಾಣ ಸಿಗುತ್ತದೆ. ಹಿಂದೂಗಳೂ ಮುಸಲ್ಮಾನರೂ ನೆರೆಹೊರೆಯವರಾಗಿ ಬಾಳುತ್ತ ಬಂದಿರುವ ಊರು ಅದು. ಇಂಥ ಊರುಗಳ ಬೀದಿಯಲ್ಲಿ ಕಣ್ಣು ತೆರೆದು ನಡೆಯುವವರಿಗೆ ಒಂದು ಸಂಗತಿ ತಾನಾಗಿ ಕಂಡೀತು. ಅಂಗಡಿಯ ಹಲಗೆಯ ಮೇಲೆ, ಲಾರಿಯ ಮುಂಭಾಗದ ಮೇಲೆ, ಮದುವೆಯ ಕರೆಯೋಲೆಯ ನೆತ್ತಿಯ ಮೇಲೆ ೭೮೬ ಎಂಬ ಅಂಕಿ ಬರೆದಿರುತ್ತದೆ. ಅದರಾಚೆಯ ಮನೆಯ ದೇವರ ಗೂಡಿನಲ್ಲಿ ತಾಮ್ರದ ತಗಡಿನ ಮೇಲೆ ಕೊರೆದ ಯಂತ್ರವೊಂದು ಅರಿಸಿನ ಕುಂಕುಮಗಳ ನಡುವೆ ಕುಳಿತಿರುತ್ತದೆ. ಅದರ ಒಂಬತ್ತು ಮನೆಗಳಲ್ಲಿ ಒಂಬತ್ತು ಅಂಕಿಗಳು. ಒಂದು ಮನೆಯವರಿಗೆ ಇನ್ನೊಂದು ಮನೆಯ ಅಂಕಿ ಒಗಟು. ಆದರೆ ಅಂಕಿಯಲ್ಲಿ ಏನೋ ಶಕ್ತಿ ಅಡಗಿದೆಯೆಂಬ ನಂಬಿಕೆ ಮಾತ್ರ ಇಬ್ಬರಿಗೂ ಸಮಾನ.

೭೮೬ ಎಂಬುದು ಬರಿಯ ಅಂಕಿಯಲ್ಲ. ಅರಬ್ಬೀ ಲಿಪಿಯ ಒಂದೊಂದು ಅಕ್ಷರಕ್ಕೂ ಒಂದೊಂದು ಬೆಲೆ ಉಂಟು. ಅಲಿಫ್ ಒಂದು, ಬೇ ಎರಡು, ಜೀಮ್ ಮೂರು, ದಾಲ್ ನಾಲ್ಕು. ಕುರಾನಿನ ಆರಂಭದಲ್ಲಿ ಬರುವ, ದೇವರ ಹೆಸರಿನಿಂದ ತೊಡಗುವ ವಾಕ್ಯದ ಅಕ್ಷರಗಳನ್ನು ಹೀಗೆ ಕೂಡಿಸಿದರೆ ಬರುವ ಮೊತ್ತವೇ ೭೮೬. ದೇವರ ನಾಮವಿರುವ ಕಾಗದ ನೆಲಕ್ಕೆ ಬಿದ್ದು ತುಳಿತಕ್ಕೆ ಸಿಕ್ಕೀತೆಂಬ ಅಂಜಿಕೆಯಿಂದ ಭಕ್ತರು ನಾಮದ ಬದಲು ಅಂಕಿಯನ್ನು ಬರೆಯುತ್ತಾರೆ. ಮುಸ್ಲಿಂ ವಿದ್ವಾಂಸರಲ್ಲಿ ಅನೇಕರು ಈ ಪದ್ಧತಿಯನ್ನು ಒಪ್ಪುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು.

ಅಲಿಫ್, ಬೇ, ಜೀಮ್, ದಾಲ್ ಎಂಬ ಈ ಎಣಿಕೆಗೆ ಒಬ್ಬ ಹಿರಿಯ ಸೋದರನಿದ್ದಾನೆ. ಆತನ ಎಣಿಕೆ ಆಲೆಫ್, ಬೇತ್, ಗಿಮೆಲ್, ದಾಲೆತ್ ಎಂದು ಸಾಗುತ್ತದೆ. ಅದು ಯೆಹೂದ್ಯರ ಹೀಬ್ರೂ ಲಿಪಿ. ಅಕ್ಷರಗಳನ್ನು ಎಣಿಸಿ ದೇವರ ಗುಟ್ಟನ್ನು ಅರಸಿದ ಯೆಹೂದ್ಯರ ರಹಸ್ಯವಿದ್ಯೆಗೆ ಕಬ್ಬಾಲ ಎಂದು ಹೆಸರು. ಕವಲಂದೆಯ ಬೀದಿಯ ೭೮೬ರಿಂದ ಆ ವಿದ್ಯೆಯ ಹೊರಬಾಗಿಲಿಗೆ ಇರುವ ದಾರಿ ನಾವು ಎಣಿಸಿದಷ್ಟು ದೂರದ್ದಲ್ಲ.

ಹದಿನೈದರ ಚೌಕ

ನಮ್ಮ ನವಗ್ರಹ ಯಂತ್ರಗಳಲ್ಲಿ ಮೊದಲನೆಯದು ಸೂರ್ಯಯಂತ್ರ. ಅದರ ಮೇಲಿನ ಸಾಲಿನಲ್ಲಿ ೬, ೧, ೮. ನಡುವಿನ ಸಾಲಿನಲ್ಲಿ ೭, ೫, ೩. ಕೆಳಗಿನ ಸಾಲಿನಲ್ಲಿ ೨, ೯, ೪. ಅಡ್ಡ ಕೂಡಿಸಿದರೂ, ಉದ್ದ ಕೂಡಿಸಿದರೂ, ಮೂಲೆಯಿಂದ ಮೂಲೆಗೆ ಕೂಡಿಸಿದರೂ ಮೊತ್ತ ೧೫. ಅರಬ್ಬೀ ತಾಯತಗಳಲ್ಲಿಯೂ ಇದೇ ಚೌಕವಿದೆ. ಅದರ ನಾಲ್ಕು ಮೂಲೆಗಳಲ್ಲಿ ಬರುವ ೨, ೪, ೬, ೮ ಎಂಬ ಅಂಕಿಗಳನ್ನು ಅಕ್ಷರಗಳಾಗಿ ಓದಿ 'ಬುದೂಹ್' ಎಂದು ಜಪಿಸುವವರಿದ್ದರು. ಯೆಹೂದ್ಯ ಪಂಡಿತರೂ ಈ ಚೌಕವನ್ನು ಬಲ್ಲವರು. ಅವರಿಗೆ ಹದಿನೈದೆಂದರೆ ಮೈ ನವಿರೇಳಿಸುವ ಸಂಖ್ಯೆ. ಹೀಬ್ರೂ ಭಾಷೆಯಲ್ಲಿ ಹತ್ತನ್ನು ಸೂಚಿಸುವ ಯೋದ್, ಐದನ್ನು ಸೂಚಿಸುವ ಹೇ, ಈ ಎರಡು ಅಕ್ಷರಗಳನ್ನು ಜೊತೆಗಿಟ್ಟರೆ 'ಯಾಹ್' ಎಂಬ ದೇವನಾಮವಾಗುತ್ತದೆ. ಆದುದರಿಂದ ಯೆಹೂದ್ಯರು ಹದಿನೈದನ್ನು ಹತ್ತು ಮತ್ತು ಐದು ಎಂದು ಬರೆಯುವುದೇ ಇಲ್ಲ; ಒಂಬತ್ತು ಮತ್ತು ಆರು ಎಂದು ಬರೆಯುತ್ತಾರೆ. ಲೆಕ್ಕದ ಪುಸ್ತಕದಲ್ಲಿ, ಪಂಚಾಂಗದಲ್ಲಿ, ಸಮಾಧಿಯ ಕಲ್ಲಿನ ಮೇಲೆ, ಎಲ್ಲೆಲ್ಲೂ ಇದೇ ನಿಯಮ. ದಿನಬಳಕೆಯ ಲೆಕ್ಕದಲ್ಲಿಯೂ ದೇವರ ಹೆಸರು ಸವೆಯಬಾರದು ಎಂಬ ಎಚ್ಚರ ಅದು.

ಅಕ್ಷರಗಳ ಬೆಲೆ ಕೂಡಿಸಿ ಅರ್ಥ ಹುಡುಕುವ ಈ ಕ್ರಮಕ್ಕೆ ಗೆಮಾತ್ರಿಯಾ ಎಂದು ಹೆಸರು. ಇದರ ಅತ್ಯಂತ ಸುಂದರವಾದ ಉದಾಹರಣೆಯೊಂದನ್ನು ನೋಡಬಹುದು. ಹೀಬ್ರೂವಿನಲ್ಲಿ 'ಎಹಾದ್' ಎಂದರೆ ಒಂದು. ಅದರ ಮೂರು ಅಕ್ಷರಗಳ ಬೆಲೆ ೧, ೮, ೪, ಒಟ್ಟು ೧೩. 'ಅಹವಾ' ಎಂದರೆ ಪ್ರೀತಿ. ಅದರ ನಾಲ್ಕು ಅಕ್ಷರಗಳ ಬೆಲೆ ೧, ೫, ೨, ೫, ಅದೂ ೧೩. ಏಕತ್ವವೂ ಪ್ರೀತಿಯೂ ಕೂಡಿದರೆ ೨೬. ಯೆಹೂದ್ಯರು ಬಾಯಿಬಿಟ್ಟು ಉಚ್ಚರಿಸದ, ನಾಲ್ಕಕ್ಷರಗಳ ಪರಮನಾಮದ ಬೆಲೆ ೧೦, ೫, ೬, ೫, ಒಟ್ಟು ೨೬. ಇದನ್ನು ಮೊದಲು ಕೇಳಿದವರು ಬೆರಗಾಗದೆ ಇರಲಾರರು.

ಕನ್ನಡಿಗರಿಗೆ ಈ ಬೆರಗು ತೀರ ಹೊಸದಲ್ಲ. ಕರ್ನಾಟಕ ಸಂಗೀತದ ಪಾಠಕ್ಕೆ ಕುಳಿತ ಮಗು ಮೊದಲು ಕಲಿಯುವ ರಾಗ ಮಾಯಾಮಾಳವಗೌಳ. ಕಟಪಯಾದಿ ಸೂತ್ರದಂತೆ ಪವರ್ಗದ ಐದನೆಯ ಅಕ್ಷರವಾದ 'ಮ'ಕಾರಕ್ಕೆ ಐದು, ಯವರ್ಗದ ಮೊದಲನೆಯದಾದ 'ಯ'ಕಾರಕ್ಕೆ ಒಂದು. ಇವನ್ನು ಹಿಂದುಮುಂದಾಗಿ ಓದಿದರೆ ಹದಿನೈದು. ಅದು ಎಪ್ಪತ್ತೆರಡು ಮೇಳಕರ್ತ ರಾಗಗಳಲ್ಲಿ ಹದಿನೈದನೆಯದು. ಇಲ್ಲಿ ಮತ್ತೆ ಹದಿನೈದು ಬಂದಿತೆಂದು, ರಾಗಕ್ಕೂ ಸೂರ್ಯಯಂತ್ರಕ್ಕೂ ಯೆಹೂದ್ಯರ ದೇವನಾಮಕ್ಕೂ ನಂಟು ಬೆಸೆಯಲು ಕೆಲವರಿಗೆ ಮನಸ್ಸಾದೀತು. ಹಾಗೆ ಬೆಸೆಯುವುದು ಸುಲಭ. ಆದರೆ ಅದು ಕೇವಲ ಕಾಕತಾಳೀಯ. ರಾಗದ ಹೆಸರಿನಲ್ಲಿ ಸಂಖ್ಯೆಯನ್ನು ಇಟ್ಟವರ ಉದ್ದೇಶ ನೆನಪಿಗೆ ಅನುಕೂಲವಾಗಲೆಂಬುದು. ಸಂಖ್ಯೆಯ ಬೆನ್ನು ಹತ್ತಿ ಹೊರಟ ಜಿಜ್ಞಾಸು ದಾರಿ ತಪ್ಪುವುದು ಇಂಥ ಕಡೆಗಳಲ್ಲಿಯೇ.

ಕುಮುದೇಂದು ಮುನಿಯ ಹೆಸರಿನಲ್ಲಿರುವ ಸಿರಿಭೂವಲಯವೂ ಇಂಥದೇ ಕುತೂಹಲವನ್ನು ಕೆರಳಿಸಿದ ಕನ್ನಡ ಗ್ರಂಥ. ಅಡ್ಡಲಾಗಿ ಇಪ್ಪತ್ತೇಳು, ಉದ್ದಕ್ಕೆ ಇಪ್ಪತ್ತೇಳು ಮನೆಗಳ ಚೌಕಗಳಲ್ಲಿ ೧ರಿಂದ ೬೪ರವರೆಗಿನ ಅಂಕಿಗಳನ್ನು ತುಂಬಿ, ಒಂದೊಂದು ಅಂಕಿಯೂ ಒಂದೊಂದು ಧ್ವನಿಯೆಂದು ಓದಿಸುವ ಕಾವ್ಯ ಅದು. ೧೯೫೩ರಲ್ಲಿ ಅದರ ಮೊದಲ ಭಾಗ ಅಚ್ಚಾದಾಗ ನಾಡಿನಲ್ಲಿ ದೊಡ್ಡ ಸುದ್ದಿಯೇ ಆಯಿತು. ಅದರ ಕಾಲದ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅಕ್ಷರವನ್ನು ಅಂಕಿಯಲ್ಲಿ ಅಡಗಿಸುವ ಆಸೆ ನಮ್ಮಲ್ಲಿಯೂ ಇತ್ತೆಂಬುದಕ್ಕೆ ಅದು ಸಾಕ್ಷಿ.

ಕಿವಿಯಿಂದ ಕಿವಿಗೆ ಬಂದ ವಿದ್ಯೆ

ಎಣಿಕೆಯ ಆಟ ಕಬ್ಬಾಲದ ಅಂಗಳ ಮಾತ್ರ. ಮನೆಯೊಳಗೆ ಇರುವುದು ಬೇರೆ. 'ಕಬ್ಬಾಲ' ಎಂಬ ಮಾತಿನ ಅರ್ಥವೇ 'ಪಡೆದುಕೊಂಡದ್ದು' ಎಂದು. ಗುರುವಿನಿಂದ ಶಿಷ್ಯನು ಪಡೆದ ಉಪದೇಶವೇ ಅದರ ತಿರುಳು. ಪುಸ್ತಕ ಓದಿ ತಾನಾಗಿ ಕಲಿಯತಕ್ಕ ವಿದ್ಯೆಯಲ್ಲವೆಂಬುದನ್ನು ಹೆಸರೇ ಸಾರುತ್ತದೆ.

ಸೆಫೆರ್ ಯೆತ್ಸಿರಾ, ಎಂದರೆ 'ಸೃಷ್ಟಿಯ ಪುಸ್ತಕ', ಎಂಬ ಅತಿ ಚಿಕ್ಕ ಪ್ರಾಚೀನ ಗ್ರಂಥವೊಂದು ದೇವರು ಮೂವತ್ತೆರಡು ದಾರಿಗಳಿಂದ ಜಗತ್ತನ್ನು ರಚಿಸಿದನೆಂದು ಹೇಳುತ್ತದೆ. ಹತ್ತು ಮೂಲಸಂಖ್ಯೆಗಳು, ಇಪ್ಪತ್ತೆರಡು ಹೀಬ್ರೂ ಅಕ್ಷರಗಳು, ಒಟ್ಟು ಮೂವತ್ತೆರಡು. ಬಡಗಿಗೆ ಮರವಿದ್ದಂತೆ ದೇವರಿಗೆ ಅಕ್ಷರ. ಈ ಬೀಜ ಕಬ್ಬಾಲವಾಗಿ ಚಿಗುರೊಡೆದದ್ದು ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ, ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತದಲ್ಲಿ. ಕಲ್ಯಾಣದಲ್ಲಿ ಬಸವಣ್ಣನವರೂ ಅಲ್ಲಮಪ್ರಭುವೂ ಅನುಭಾವದ ಮಾತನ್ನು ಜನರ ನುಡಿಗೆ ತಂದ ಶತಮಾನವೂ ಅದೇ ಎಂಬುದು ನೆನೆಯತಕ್ಕ ವಿಷಯ. ಒಬ್ಬರಿಗೆ ಒಬ್ಬರ ಸುಳಿವೂ ಇರಲಿಲ್ಲ.

ಕಬ್ಬಾಲದ ಮಹಾಗ್ರಂಥ ಜೋಹರ್. 'ಪ್ರಭೆ' ಎಂದು ಅದರ ಅರ್ಥ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಸ್ಪೇನ್ ದೇಶದ ಕ್ಯಾಸ್ಟೈಲ್ ಪ್ರಾಂತದ ಮೋಸೆಸ್ ದ ಲಿಯೋನ್ ಎಂಬ ಪಂಡಿತನು ಅದರ ಪ್ರತಿಗಳನ್ನು ಹಂಚತೊಡಗಿದ. ಸಾವಿರ ವರ್ಷದ ಹಿಂದೆ ಪ್ಯಾಲೆಸ್ತೀನಿನಲ್ಲಿದ್ದ ಶಿಮೋನ್ ಬಾರ್ ಯೋಹಾಯ್ ಎಂಬ ಋಷಿಸದೃಶ ಗುರುವಿನ ಕೃತಿಯೆಂದು ಅವನ ಮಾತು. ಲಿಯೋನನು ೧೩೦೫ರಲ್ಲಿ ತೀರಿಕೊಂಡ. ಆಗ ಆವಿಲಾ ಊರಿನ ಧನಿಕನೊಬ್ಬ ಅವನ ವಿಧವೆಯ ಮನೆಗೆ ಹೇಳಿಕಳುಹಿಸಿದನಂತೆ: ಮೂಲದ ಹಳೆಯ ಹಸ್ತಪ್ರತಿಯನ್ನು ಕೊಟ್ಟರೆ ತನ್ನ ಮಗನಿಗೆ ಆಕೆಯ ಮಗಳನ್ನು ತಂದುಕೊಳ್ಳುವುದಾಗಿ. ಬಡತನದಲ್ಲಿ ನಿಂತಿದ್ದ ಆ ತಾಯಿಗೆ ಇದಕ್ಕಿಂತ ದೊಡ್ಡ ಆಸೆ ಬೇರೇನಿದ್ದೀತು? ಆದರೂ ಆಕೆ ಆಣೆಯಿಟ್ಟು ನಿಜವನ್ನೇ ನುಡಿದಳು. ಅಂಥ ಪ್ರತಿ ಯಾವುದೂ ಇಲ್ಲ. ಗಂಡ ಎಲ್ಲವನ್ನೂ ತನ್ನ ತಲೆಯಿಂದಲೇ ಬರೆದ. ತನ್ನ ಹೆಸರು ಹಾಕಿದರೆ ಯಾರೂ ಕಾಸು ಕೊಡರು, ಪುರಾತನರ ಹೆಸರಾದರೆ ಕೊಟ್ಟಾರು ಎಂದು ಅವನೇ ಹೇಳುತ್ತಿದ್ದ ಎಂದಳು. ಆ ಕಾಲದ ಕಬ್ಬಾಲಿಗನೇ ಆದ ಆಕ್ರೆಯ ಐಸಾಕ್ ಎಂಬಾತ ಈ ವೃತ್ತಾಂತವನ್ನು ವಿಚಾರಿಸಿ ಬರೆದಿಟ್ಟ. ಲಿಯೋನನೂ ಅವನ ಸುತ್ತಲಿದ್ದವರೂ ಸೇರಿ ಜೋಹರನ್ನು ರಚಿಸಿದರೆಂದು ಈಗಿನ ವಿದ್ವಾಂಸರ ಮತ. ಆದರೂ ಗ್ರಂಥದ ಮಹಿಮೆ ಕುಂದಲಿಲ್ಲ. ಕೋಟ್ಯಂತರ ದೀಪಗಳನ್ನು ಹೊತ್ತಿಸಿದ ಮೇಲೆ ಮೊದಲ ಕಡ್ಡಿಯನ್ನು ಗೀರಿದವರಾರೆಂದು ಜಗಳವಾಡುವವರು ಯಾರು?

ಜೋಹರಿನ ದರ್ಶನವನ್ನು ಹೀಗೆ ಸಂಗ್ರಹಿಸಬಹುದು. ಪರಮಾತ್ಮನ ನಿಜಸ್ವರೂಪ 'ಏನ್ ಸೋಫ್', ಎಂದರೆ ಕೊನೆಯಿಲ್ಲದ್ದು. ಅದಕ್ಕೆ ಹೆಸರಿಲ್ಲ, ರೂಪವಿಲ್ಲ. ಆ ಅಗೋಚರದಿಂದ ಹತ್ತು ಪ್ರಭೆಗಳು ಹರಿದು ಬರುತ್ತವೆ. ಕಿರೀಟ, ಜ್ಞಾನ, ವಿವೇಕ, ಕರುಣೆ, ನ್ಯಾಯದ ಕಾಠಿಣ್ಯ, ಸೌಂದರ್ಯ, ಜಯ, ವೈಭವ, ಅಡಿಪಾಯ, ರಾಜ್ಯ ಎಂದು ಅವುಗಳ ಹೆಸರು. ಒಟ್ಟಾಗಿ ಅವನ್ನು ಸೆಫಿರೋತ್ ಎನ್ನುತ್ತಾರೆ. ಚಿತ್ರದಲ್ಲಿ ಇವುಗಳನ್ನು ಒಂದು ಮರದಂತೆ ಬರೆಯುವುದು ರೂಢಿ. ಕರುಣೆ ಬಲಗಡೆ, ಕಾಠಿಣ್ಯ ಎಡಗಡೆ. ಎರಡರ ಸಮನ್ವಯ ನಡುವಿನ ಸೌಂದರ್ಯದಲ್ಲಿ. ಕರುಣೆಯೊಂದೇ ಇದ್ದರೆ ಲೋಕ ಕರಗಿಹೋದೀತು, ಕಾಠಿಣ್ಯವೊಂದೇ ಇದ್ದರೆ ಸುಟ್ಟುಹೋದೀತು. ಮಕ್ಕಳನ್ನು ಸಾಕಿದ ಯಾವ ತಂದೆತಾಯಿಗೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಯ ಪ್ರಭೆಯಾದ ರಾಜ್ಯಕ್ಕೆ ಶೆಖಿನಾ ಎಂಬ ಹೆಸರೂ ಉಂಟು. ಆಕೆ ಸ್ತ್ರೀರೂಪಿಣಿ, ಮನೆಮಠ ಕಳೆದುಕೊಂಡ ತನ್ನ ಜನರ ಜೊತೆಯಲ್ಲಿ ತಾನೂ ದೇಶಾಂತರ ತಿರುಗುವ ದೈವಸಾನ್ನಿಧ್ಯ.

ಒಡೆದ ಪಾತ್ರೆಗಳು

ದೇಶಾಂತರದ ಮಾತು ಕೇವಲ ಅಲಂಕಾರವಲ್ಲ. ೧೪೯೨ರಲ್ಲಿ ಸ್ಪೇನಿನ ದೊರೆಗಳು ಯೆಹೂದ್ಯರನ್ನು ದೇಶದಿಂದ ಹೊರಗಟ್ಟಿದರು. ತಲೆಮಾರುಗಳಿಂದ ಬಾಳಿದ ಮನೆಗಳನ್ನು ತೊರೆದವರಲ್ಲಿ ಕೆಲವರು ಕಾಲಕ್ರಮದಲ್ಲಿ ಪ್ಯಾಲೆಸ್ತೀನಿನ ಗಲಿಲಾಯ ಪ್ರಾಂತದ ಸಫೇದ್ ಎಂಬ ಗುಡ್ಡದ ಊರನ್ನು ಸೇರಿದರು. ಅಲ್ಲಿಗೆ ೧೫೭೦ರಲ್ಲಿ ಐಸಾಕ್ ಲೂರಿಯಾ ಎಂಬ ತರುಣ ಗುರು ಬಂದ. ಎರಡೇ ವರ್ಷ ಬೋಧಿಸಿ, ೧೫೭೨ರಲ್ಲಿ ಮೂವತ್ತೆಂಟನೆಯ ವಯಸ್ಸಿಗೆ ಸಾಂಕ್ರಾಮಿಕಕ್ಕೆ ತುತ್ತಾಗಿ ತೀರಿಕೊಂಡ. ತಾನು ಬರೆದದ್ದು ಅತ್ಯಲ್ಪ; ಶಿಷ್ಯನಾದ ಹಯೀಮ್ ವಿತಾಲ್ ಗುರುವಿನ ಮಾತುಗಳನ್ನು ಬರೆದಿಟ್ಟ.

ಲೂರಿಯಾ ಹೇಳಿದ ಕಥೆ ಇದು. ಎಲ್ಲೆಲ್ಲೂ ತುಂಬಿದ್ದ ಅನಂತನು ಜಗತ್ತಿಗೆ ಎಡೆ ಮಾಡಿಕೊಡಲೆಂದು ತನ್ನನ್ನು ತಾನೇ ಸಂಕೋಚಗೊಳಿಸಿಕೊಂಡ. ಆ ತೆರವಿನೊಳಕ್ಕೆ ಬೆಳಕು ಹರಿಯಿತು. ಬೆಳಕನ್ನು ಹಿಡಿಯಬೇಕಾಗಿದ್ದ ಪಾತ್ರೆಗಳು ಅದರ ಭಾರವನ್ನು ತಾಳಲಾರದೆ ಒಡೆದುಹೋದುವು. ಅವುಗಳ ಚೂರುಗಳ ಜೊತೆಯಲ್ಲಿ ಬೆಳಕಿನ ಕಿಡಿಗಳೂ ಲೋಕದ ಮೂಲೆಮೂಲೆಗೆ ಚದುರಿದುವು. ಒಂದೊಂದು ಸತ್ಕರ್ಮದಿಂದ ಒಂದೊಂದು ಕಿಡಿಯನ್ನು ಎತ್ತಿ ಅದರ ನೆಲೆಗೆ ಸೇರಿಸುವುದೇ ಮನುಷ್ಯನ ಕೆಲಸ. ಇದಕ್ಕೆ 'ತಿಕ್ಕೂನ್', ಎಂದರೆ ಸರಿಪಡಿಸುವಿಕೆ, ಎಂದು ಹೆಸರು. ಚದುರಿಹೋದ ಜನಾಂಗವೊಂದು ತನ್ನ ಚದುರುವಿಕೆಗೂ ಒಂದು ಅರ್ಥವಿದೆಯೆಂದು ಕಂಡುಕೊಂಡ ಬಗೆ ಇದು. ಒಡೆದ ಪಾತ್ರೆಯ ಕಥೆಯನ್ನು ಸ್ಪೇನಿನ ಕಣ್ಣೀರಿನಿಂದ ಬೇರ್ಪಡಿಸಿ ಓದಿದವನಿಗೆ ಅದರ ಅರ್ಧ ಮಾತ್ರ ದಕ್ಕೀತು.

ಸಫೇದಿನ ಇನ್ನೊಂದು ಕೊಡುಗೆ ಇಂದಿಗೂ ಯೆಹೂದ್ಯರ ಮನೆಮನೆಗಳಲ್ಲಿದೆ. ಶುಕ್ರವಾರ ಸಂಜೆ ಸಬ್ಬತ್ ದಿನ ಆರಂಭವಾಗುವಾಗ ಗೃಹಿಣಿ ದೀಪ ಹಚ್ಚುತ್ತಾಳೆ. ಸಫೇದಿನ ಕಬ್ಬಾಲಿಗರು ಆ ಹೊತ್ತಿನಲ್ಲಿ ಊರ ಹೊರಗಣ ಬಯಲಿಗೆ ಹೋಗಿ, ಸಬ್ಬತ್ತನ್ನು ಮದುಮಗಳಂತೆ ಹಾಡಿ ಕರೆತರುತ್ತಿದ್ದರು. ಅವರಲ್ಲಿ ಒಬ್ಬನಾದ ಶ್ಲೋಮೋ ಅಲ್ಕಾಬೆತ್ಸ್ ರಚಿಸಿದ 'ಲೆಖಾ ದೋದಿ' ಎಂಬ ಗೀತ ಈಗಲೂ ಲೋಕದ ಎಲ್ಲ ಕಡೆಯ ಯೆಹೂದ್ಯರ ಪ್ರಾರ್ಥನೆಯಲ್ಲಿ ಸೇರಿದೆ.

ತೋಟಕ್ಕೆ ಹೊಕ್ಕ ನಾಲ್ವರು

ಇಷ್ಟನ್ನು ಕೇಳಿದ ಕನ್ನಡಿಗನ ಬಾಯಿಂದ ಬರುವ ಮೊದಲ ಮಾತು, 'ಇದೆಲ್ಲ ನಮ್ಮಲ್ಲಿಯೂ ಇದೆ' ಎಂಬುದು. ಆ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಏನ್ ಸೋಫ್ ಎಂಬುದನ್ನು ಕಬ್ಬಾಲಿಗರು ಕೆಲವೊಮ್ಮೆ 'ಆಯಿನ್', ಎಂದರೆ ಇಲ್ಲದುದು, ಎಂದೂ ಕರೆಯುತ್ತಾರೆ. ಅಲ್ಲಮಪ್ರಭುವಿನ ಶೂನ್ಯ, ಬಯಲು ಎಂಬ ಮಾತುಗಳು ಆಗ ತಟ್ಟನೆ ನೆನಪಾಗುತ್ತವೆ. ಆದರೆ ನೆನಪಾದ ಮಾತ್ರಕ್ಕೆ ಎರಡೂ ಒಂದೇ ಆಗಲಾರವು. ಶರಣರ ಷಟ್‌ಸ್ಥಲದ ಕೊನೆಯ ಮೆಟ್ಟಿಲು ಐಕ್ಯ. ಕಬ್ಬಾಲಿಗನು ಬಹುಮಟ್ಟಿಗೆ 'ದೆವೆಕುತ್' ಎಂಬಲ್ಲಿ, ಎಂದರೆ ದೇವರಿಗೆ ಅಂಟಿಕೊಂಡಿರುವ ಸ್ಥಿತಿಯಲ್ಲಿ, ನಿಲ್ಲುತ್ತಾನೆ. ಶರಣರು ಆಚಾರದ ಹಳೆಯ ಕಟ್ಟುಗಳನ್ನು ಪ್ರಶ್ನಿಸಿ ಮುಂದೆ ನಡೆದರು. ಕಬ್ಬಾಲಿಗನಾದರೋ ಒಂದೊಂದು ಚಿಕ್ಕ ವಿಧಿಯನ್ನೂ ಇನ್ನಷ್ಟು ನಿಷ್ಠೆಯಿಂದ ಆಚರಿಸುತ್ತಾನೆ. ಅವನ ಆಚರಣೆಯಿಂದಲೇ ಕಿಡಿ ಮೇಲೇರಬೇಕು. ನೆರೆಮನೆಯವರ ಅಡಿಗೆಯ ಕಂಪು ನಮ್ಮ ಮನೆಯ ಅಡಿಗೆಯಂತಿದೆಯೆಂದು, ಅವರ ಒಲೆಯನ್ನು ನಮ್ಮದೆನ್ನಲಾದೀತೆ?

ಈ ವಿದ್ಯೆಯ ಅಪಾಯವನ್ನು ಯೆಹೂದ್ಯರೇ ಮೊದಲು ಕಂಡರು. ಅವರ ಧರ್ಮಗ್ರಂಥವಾದ ತಾಲ್ಮೂದಿನಲ್ಲಿ ನಾಲ್ವರು ಪಂಡಿತರು ದಿವ್ಯವಾದ ತೋಟವೊಂದನ್ನು ಹೊಕ್ಕ ಕಥೆಯಿದೆ. ಒಬ್ಬ ಕಣ್ಣೆತ್ತಿ ನೋಡಿ ಸತ್ತ. ಒಬ್ಬನಿಗೆ ಬುದ್ಧಿ ಕೆಟ್ಟಿತು. ಮೂರನೆಯವನು ಧರ್ಮಭ್ರಷ್ಟನಾದ. ಅಕೀವ ಎಂಬ ಗುರುವೊಬ್ಬನೇ ನೆಮ್ಮದಿಯಿಂದ ಹೋಗಿ ನೆಮ್ಮದಿಯಿಂದ ಹೊರಬಂದ. ನಲವತ್ತು ವರ್ಷ ತುಂಬುವವರೆಗೆ ಈ ವಿದ್ಯೆಗೆ ಕೈ ಹಾಕಬಾರದೆಂದು ಮುಂದೆ ಹಲವು ಹಿರಿಯರು ಕಟ್ಟಳೆ ಮಾಡಿದರು. ಆ ಅಂಜಿಕೆ ಸುಳ್ಳಾಗಲಿಲ್ಲ. ೧೬೬೫ರಲ್ಲಿ ಸ್ಮಿರ್ನಾ ನಗರದ ಶಬ್ಬತಾಯ್ ತ್ಸ್ವಿ ಎಂಬಾತ, ಕಬ್ಬಾಲದ ಆಧಾರದಿಂದ ತಾನೇ ಲೋಕೋದ್ಧಾರಕನೆಂದು ಸಾರಿದ. ಊರೂರುಗಳಲ್ಲಿ ಜನ ವ್ಯಾಪಾರ ಬಿಟ್ಟು, ಆಸ್ತಿ ಮಾರಿ ಹೊರಡಲು ಸಿದ್ಧರಾದರು. ಮರುವರ್ಷ ತುರ್ಕಿಯ ಸುಲ್ತಾನನ ಮುಂದೆ ಅವನು ಪ್ರಾಣಭಯದಿಂದ ಇಸ್ಲಾಂ ಮತವನ್ನು ಅಂಗೀಕರಿಸಿದ. ನಂಬಿದವರ ಗತಿಯನ್ನು ಬಣ್ಣಿಸಬೇಕಾಗಿಲ್ಲ.

ಇಂದಿನ ಅಪಾಯ ಬೇರೆ ಬಗೆಯದು. ಹೆಸರಿನ ಕಾಗುಣಿತ ತಿದ್ದಿ ಭಾಗ್ಯ ಬದಲಾಯಿಸುವ ಸಂಖ್ಯಾಶಾಸ್ತ್ರಿಗಳ ಜಾಹೀರಾತುಗಳಲ್ಲಿ 'ಕಬ್ಬಾಲ ಪದ್ಧತಿ' ಎಂಬ ಮಾತು ಬರುತ್ತದೆ. ಕೈಗೆ ಕಟ್ಟುವ ಕೆಂಪು ದಾರಕ್ಕೂ ಅದೇ ಹೆಸರು. ದೇವರ ಹೆಸರು ಸವೆಯಬಾರದೆಂದು ಹದಿನೈದನ್ನೇ ಬೇರೆ ರೀತಿ ಬರೆದ ಜನರ ವಿದ್ಯೆ ಹೀಗೆ ಸಂತೆಯ ಸರಕಾದುದು ಶೋಚನೀಯ. ನಮ್ಮ ಮಂತ್ರ ಯಂತ್ರಗಳಿಗೂ ಈ ಗತಿ ಬಂದಿದೆ ಎಂಬುದನ್ನು ಬಲ್ಲವರಿಗೆ ಈ ನೋವು ಅರ್ಥವಾದೀತು.

ಹೊರಗಿನಿಂದ ಬಂದವನು ಒಳಗನ್ನು ಅರಿಯುವ ಯೋಗ್ಯ ಮಾರ್ಗವನ್ನು ತೋರಿಸಿದವರು ಗೆರ್ಶೋಮ್ ಶೋಲೆಮ್. ೧೮೯೭ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಅವರು ಜನ್ಮದಿಂದ ಯೆಹೂದ್ಯರಾದರೂ, ಆ ಮನೆಯಲ್ಲಿ ಹಳೆಯ ಆಚಾರ ಬಹುತೇಕ ಕಳಚಿಹೋಗಿತ್ತು. ತಂದೆಯದು ಮುದ್ರಣಾಲಯ. ಹುಡುಗನು ತಾನೇ ಹಟ ಹಿಡಿದು ಹೀಬ್ರೂ ಕಲಿತ. ತಂದೆಗೂ ಮಗನಿಗೂ ವಿರಸ ಬೆಳೆದು ೧೯೧೭ರಲ್ಲಿ ಮನೆಯಿಂದಲೇ ಹೊರಬೀಳಬೇಕಾಯಿತು. ೧೯೨೩ರಲ್ಲಿ ಜೆರೂಸಲೇಮಿಗೆ ಹೋಗಿ ಗ್ರಂಥಪಾಲಕರಾಗಿ ನಿಂತು, ಯಾರೂ ಮುಟ್ಟದ ಹಸ್ತಪ್ರತಿಗಳನ್ನು ಒಂದೊಂದಾಗಿ ಓದಿದರು. ೧೯೮೨ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ, ಪಂಡಿತರು ಮೂಢನಂಬಿಕೆಯೆಂದು ತಳ್ಳಿದ್ದ ಕಬ್ಬಾಲ ವಿಶ್ವವಿದ್ಯಾಲಯಗಳ ಅಧ್ಯಯನದ ವಿಷಯವಾಗಿತ್ತು. ಅವರು ಮಂತ್ರ ಹಾಕಲಿಲ್ಲ, ತಾಯತ ಕಟ್ಟಲಿಲ್ಲ, ಅಕ್ಷರ ಕಲಿತರು.

ಮಂಗಳೂರಿನ ಬೊಮ್ಮ

ಕನ್ನಡನಾಡಿಗೂ ಯೆಹೂದ್ಯರ ಈ ಅಕ್ಷರಭಕ್ತಿಗೂ ನೇರವಾದ ಸಂಬಂಧವೊಂದಿದೆ. ಅದು ಕಬ್ಬಾಲದ ಉಪದೇಶದಿಂದ ಬಂದುದಲ್ಲ. ಕಬ್ಬಾಲಕ್ಕೆ ನೀರೆರೆದ ಅದೇ ಭಕ್ತಿಯ ಬೇರಿನಿಂದ ಬಂದುದು.

ದೇವರ ಹೆಸರಿರುವ ಕಾಗದವನ್ನು ಹರಿದೆಸೆಯಬಾರದು, ಸುಡಬಾರದು ಎಂಬುದು ಯೆಹೂದ್ಯರ ಹಳೆಯ ಕಟ್ಟಳೆ. ಜೀರ್ಣವಾದ ಹೊತ್ತಗೆಗಳನ್ನು ಮನುಷ್ಯರ ಶವದಂತೆಯೇ ಗೌರವದಿಂದ ಹೂಳುತ್ತಾರೆ. ಹೂಳುವವರೆಗೆ ಇರಿಸುವ ಕೋಣೆಗೆ ಗೆನಿಜಾ ಎಂದು ಹೆಸರು. ಈಜಿಪ್ಟಿನ ಹಳೆಯ ಕೈರೋವಿನಲ್ಲಿರುವ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಗೆನಿಜಾದಲ್ಲಿ, ಹೀಬ್ರೂ ಲಿಪಿಯಲ್ಲಿದ್ದುದು ಏನೇ ಆಗಲಿ, ಧರ್ಮಗ್ರಂಥವಿರಲಿ, ಸಾಲಪತ್ರವಿರಲಿ, ವರ್ತಕರ ಲೆಕ್ಕದ ಚೀಟಿಯಿರಲಿ, ಎಲ್ಲವನ್ನೂ ಶತಮಾನಗಳ ಕಾಲ ತುಂಬಿದರು. ೧೮೯೬-೯೭ರಲ್ಲಿ ಸಾಲೊಮನ್ ಶೆಖ್ಟರ್ ಎಂಬ ವಿದ್ವಾಂಸರು ಅಲ್ಲಿಂದ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದ ತುಣುಕುಗಳು ಸುಮಾರು ೧,೯೩,೦೦೦.

ಆ ರಾಶಿಯಲ್ಲಿ ಮಂಗಳೂರಿನ ಕಾಗದಗಳಿದ್ದುವು! ಟ್ಯುನೀಸಿಯ ದೇಶದ ಮಹದಿಯಾ ಊರಿನ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ೧೧೩೨ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ್ದ. ೧೧೪೯ರಲ್ಲಿ ಏಡನ್ನಿಗೆ ಮರಳುವವರೆಗೂ ಪಡುವಣ ಕರಾವಳಿಯೇ ಅವನ ಮನೆಯಾಗಿತ್ತು. ಇಲ್ಲಿಂದ ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಏಡನ್ನಿಗೆ ಹೋಗುತ್ತಿದ್ದುವು. ಅವನದೊಂದು ಕಂಚಿನ ಕಾರ್ಖಾನೆಯೂ ಇತ್ತು. ಏಡನ್ನಿನ ಗೆಳೆಯರು ಹಳೆಯ ತಾಮ್ರ ಕಳುಹಿಸಿ ಹೊಸ ಪಾತ್ರೆಗಳನ್ನು ಮಾಡಿಸಿಕೊಳ್ಳುತ್ತಿದ್ದರು. ಪ್ರತಿಯಾಗಿ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಬರುತ್ತಿದ್ದುವು. ವ್ಯಾಪಾರದ ನಡುವೆ ಅವನು ಪದ್ಯ ಕಟ್ಟುತ್ತಿದ್ದ, ಧರ್ಮಶಾಸ್ತ್ರದ ಪ್ರಶ್ನೆಗಳನ್ನು ಬಿಡಿಸುತ್ತಿದ್ದ. ೧೧೩೨ನೆಯ ಇಸವಿಯ ಅಕ್ಟೋಬರ್ ೧೭ರಂದು ಆಶು ಎಂಬ ಈ ನಾಡಿನ ಹೆಣ್ಣನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರವೂ ಉಳಿದಿದೆ. ಆಕೆಯೇ ಅವನ ಮಕ್ಕಳ ತಾಯಿಯೆಂದು ವಿದ್ವಾಂಸರು ಊಹಿಸುತ್ತಾರೆ.

ಬೆನ್ ಯಿಜುವಿಗೆ ಒಬ್ಬ ಸ್ಥಳೀಯ ದಾಸನಿದ್ದ. ಆ ಕಾಲದ ವ್ಯಾಪಾರದಲ್ಲಿ ದಾಸನೆಂದರೆ ಯಜಮಾನನ ಪ್ರತಿನಿಧಿಯಾಗಿ ಹಡಗೇರುವ ಗುಮಾಸ್ತನೂ ಹೌದು. ಒಮ್ಮೆ ಏಡನ್ನಿಗೆ ಹೋದಾಗ ಕುಡಿತಕ್ಕೆ ಕೈಬಿಚ್ಚಿ ಖರ್ಚು ಮಾಡಿದನೆಂಬ ದೂರು ಅಲ್ಲಿನ ದೊಡ್ಡ ವರ್ತಕನಾದ ಮದ್ಮೂನನ ಕಾಗದದಲ್ಲಿದೆ. ಮುಂದೆ ೧೧೪೮ರ ಕಾಗದವೊಂದರಲ್ಲಿ ಏಡನ್ನಿನ ಇನ್ನೊಬ್ಬ ವರ್ತಕ ಅವನಿಗೆ ಪ್ರತ್ಯೇಕವಾಗಿ ವಂದನೆ ತಿಳಿಸಿದ್ದಾನೆ. ಸ್ವರಚಿಹ್ನೆಗಳಿಲ್ಲದ ಲಿಪಿಯಲ್ಲಿ ಅವನ ಹೆಸರು ಮೂರು ಅಕ್ಷರಗಳು ಮಾತ್ರ. ಕಾದಂಬರಿಕಾರ ಅಮಿತಾವ್ ಘೋಷ್ ಆ ಹೆಸರಿನ ಜಾಡು ಹಿಡಿದು ಮಂಗಳೂರಿಗೆ ಬಂದಾಗ, ಅದು 'ಬೊಮ್ಮ' ಎಂದಾಗಬೇಕೆಂದು ಬಿಡಿಸಲು ನೆರವಾದವರು ನಮ್ಮ ಜಾನಪದ ವಿದ್ವಾಂಸರಾದ ಪ್ರೊಫೆಸರ್ ವಿವೇಕ ರೈ ಅವರು. ೧೯೯೨ರಲ್ಲಿ ಪ್ರಕಟವಾದ ಘೋಷರ ಗ್ರಂಥದಿಂದ ಬೊಮ್ಮ ಜಗತ್ತಿಗೆ ಪರಿಚಿತನಾದ. ಈ ವರ್ತಕರ ಕಾಗದಗಳನ್ನು ಮೊದಲು ಜೋಡಿಸಿ ಓದಿದವರು ಎಸ್. ಡಿ. ಗೋಯಿಟೈನ್, ಅವರ ಸಂಗ್ರಹ ಅವರ ಮರಣಾನಂತರ ೨೦೦೮ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದಿತು.

ಕನ್ನಡದ ಶಾಸನಗಳು ದೊರೆಗಳನ್ನೂ ವೀರರನ್ನೂ ದಾನಿಗಳನ್ನೂ ನೆನೆದುವು. ಹಡಗಿನಲ್ಲಿ ಮೆಣಸಿನ ಮೂಟೆ ಕಾಯ್ದ ಬೊಮ್ಮನಿಗಾಗಿ ಕಲ್ಲು ನಿಲ್ಲಿಸಿದವರಿಲ್ಲ. ಅಕ್ಷರವನ್ನು ಎಸೆಯಲಾರದ ಪರದೇಶದ ಜನರ ಅಂಜಿಕೆಯೊಂದು ಅವನನ್ನು ಎಂಟುನೂರು ವರ್ಷಗಳಿಗೂ ಮಿಗಿಲಾಗಿ ಕಾಪಾಡಿತು. ಕಾಲಿಗೆ ಕಾಗದ ತಗುಲಿದರೆ ತೆಗೆದು ಕಣ್ಣಿಗೊತ್ತಿಕೊಳ್ಳುವ ನಮ್ಮ ಮನೆಗಳ ಮಕ್ಕಳಿಗೆ ಆ ಅಂಜಿಕೆಯನ್ನು ವಿವರಿಸಬೇಕಾಗಿಲ್ಲ.

ನೆರೆಯವರು ಹಚ್ಚುವ ದೀಪ

ಕಬ್ಬಾಲಿಗನೊಬ್ಬನ ಸಮಾಧಿ ನಮಗೆ ಹತ್ತಿರದಲ್ಲಿಯೇ, ಕೊಚ್ಚಿಯ ಮಟ್ಟಾಂಚೇರಿಯಲ್ಲಿದೆ. ಹದಿನೇಳನೆಯ ಶತಮಾನದ 

ಆರಂಭದಲ್ಲಿ ಗತಿಸಿದ ನೆಹೆಮಿಯಾ ಮೋತಾ ಎಂಬ ಆ ಕವಿಯನ್ನು ಅವನ ಸಮಾಧಿಯ ಶಿಲೆ ಕಬ್ಬಾಲಿಗನೆಂದೇ ಕರೆಯುತ್ತದೆ. ಅವನ ಹೀಬ್ರೂ ಗೀತಗಳನ್ನು ಕೊಚ್ಚಿಯ ಯೆಹೂದ್ಯರು ಹಬ್ಬಗಳಲ್ಲಿ ಹಾಡುತ್ತಿದ್ದರು. ಅಲ್ಲಿನ ಹೆಂಗಸರು ತಮ್ಮದೇ ಮಲಯಾಳಂ ಹಾಡುಗಳನ್ನು ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡು ಮಗಳಿಗೆ, ಮೊಮ್ಮಗಳಿಗೆ ದಾಟಿಸಿದರು. ೧೫೬೮ರಲ್ಲಿ ಕಟ್ಟಿದ ಪರದೇಶಿ ಪ್ರಾರ್ಥನಾಮಂದಿರ ಇನ್ನೂ ನಿಂತಿದೆ. ಆದರೆ ಅಲ್ಲಿನ ಯೆಹೂದ್ಯರಲ್ಲಿ ಬಹುಪಾಲು ಜನ ೧೯೫೦ರ ದಶಕದಲ್ಲಿ ಇಸ್ರೇಲಿಗೆ ಹೊರಟುಹೋದರು. ಈಗ ಉಳಿದವರು ಬೆರಳೆಣಿಕೆಯಷ್ಟು. ಮೋತಾನ ಸಮಾಧಿ ಮಾತ್ರ ಕತ್ತಲಾಗಿಲ್ಲ. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಅಲ್ಲಿಗೆ ಬಂದು ಹರಕೆ ಹೊತ್ತು ಮೇಣದ ಬತ್ತಿ ಹಚ್ಚುತ್ತಾರೆ. ಅವರಿಗೆ ಶಿಲೆಯ ಮೇಲಿನ ಬರೆಹ ಓದಲು ಬಾರದು. ಆದರೆ ಅದು ಓದತಕ್ಕ ಬರೆಹವೆಂಬ ಗೌರವ ಬಿಟ್ಟಿಲ್ಲ.

ಕರ್ನಾಟಕದಲ್ಲಿ ಯೆಹೂದ್ಯರ ಸಂಖ್ಯೆ ಎಂದೂ ದೊಡ್ಡದಾಗಿರಲಿಲ್ಲ. ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾದರಕ್ಷೆಯ ಅಂಗಡಿ ಇಟ್ಟಿದ್ದ ರೂಬಿನ್ ಮೋಸೆಸ್ ಅವರ ಹೆಸರನ್ನು ಹಳಬರು ಬಲ್ಲರು. ೧೯೦೪ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆ ಸಣ್ಣ ಸಮುದಾಯದ ರುದ್ರಭೂಮಿಗೆಂದು ನೆಲವನ್ನು ಕೊಟ್ಟರು. ಮೈಸೂರು ರಸ್ತೆಯ ಆಸುಪಾಸಿನಲ್ಲಿರುವ ಆ ಜಾಗದಲ್ಲಿ ಹೀಬ್ರೂ ಅಕ್ಷರಗಳನ್ನು ಹೊತ್ತ ಕಲ್ಲುಗಳಿವೆ. ಕವಲಂದೆಯ ಕಡೆಯಿಂದ ಮೈಸೂರಿನ ಮಾರ್ಗವಾಗಿ ರಾಜಧಾನಿಗೆ ಬರುವ ಬಸ್ಸುಗಳು ಅದರ ಸಮೀಪದಲ್ಲಿಯೇ ಹಾದುಹೋಗುತ್ತವೆ.

ಕಬ್ಬಾಲದ ಒಳಮನೆಯ ಬಾಗಿಲು ಹೊರಗಿನವನಿಗೆ ಸುಲಭವಾಗಿ ತೆರೆಯಲಾರದು. ತೆರೆಯಲೇಬೇಕೆಂಬ ಹಕ್ಕೂ ಅವನಿಗಿಲ್ಲ. ಆ ವಿದ್ಯೆಗೆ ಒಂದು ಭಾಷೆಯಿದೆ, ಆಚಾರವಿದೆ, ಗುರುವಿದ್ದಾನೆ, ಕಳೆದುಕೊಂಡ ದೇಶದ ದುಃಖವಿದೆ. ಇವನ್ನೆಲ್ಲ ಬಿಟ್ಟು ಅಂಕಿಯನ್ನಷ್ಟೇ ಕಿತ್ತುಕೊಂಡವನ ಕೈಯಲ್ಲಿ ಉಳಿಯುವುದು ತಗಡು. ಇಪ್ಪತ್ತೆರಡು ಅಕ್ಷರಗಳನ್ನು ತಾಳ್ಮೆಯಿಂದ ಕಲಿಯುವವನಿಗೆ ದಾರಿ ತೆರೆದಿದೆ. ಅಷ್ಟು ಬಿಡುವಿಲ್ಲದ ಗೃಹಸ್ಥನಿಗೂ ಒಂದು ಪಾಲು ಮಿಕ್ಕಿದೆ. ಪರರ ಅಕ್ಷರವನ್ನು ತನ್ನದರಂತೆ ಪವಿತ್ರವೆಂದು ಎಣಿಸುವುದು, ಅಜ್ಜಿಯ ಹಾಡಿನ ಪುಸ್ತಕವನ್ನೂ ಅಜ್ಜನ ಲೆಕ್ಕದ ಕಡತವನ್ನೂ ರದ್ದಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡುವುದು. ಅದರ ಯಾವುದೋ ಹಾಳೆಯಲ್ಲಿ ಇನ್ನೊಬ್ಬ ಬೊಮ್ಮನ ಹೆಸರು ಇದ್ದೀತು.